ಬೆನ್ನ ಹಿಂದಿನ ಸ್ಟೂಲು

ಆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸ್ಟೂಲಕ್ಕ ಎಂದೇ. ಎರಡು ಭಾಷೆ ಬಲ್ಲವಳು. ಡಾಕ್ಟರ ಮಾತನ್ನು ರೋಗಿಗೆ, ರೋಗಿಯ ಮಾತನ್ನು ಡಾಕ್ಟರಿಗೆ ದಾಟಿಸುವುದು ಅವಳ ಕೆಲಸ. ಹೋದಲ್ಲೆಲ್ಲ ಒಂದು ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ, ರೋಗಿಯ ಬೆನ್ನ ಹಿಂದೆ ಹಾಕಿಕೊಂಡು ಕೂರುತ್ತಾಳೆ. ಮುಖ ನೋಡಿ ಮಾತಾಡಬೇಕಾದವರು ಅವರಿಬ್ಬರು, ನಡುವೆ ತನ್ನ ಮೋರೆ ಯಾಕೆ ಎಂಬುದು ಅವಳ ಲೆಕ್ಕ. ರೋಗಿ ‘ನನಗೆ ನೋವು’ ಎಂದರೆ ಅವಳೂ ‘ನನಗೆ ನೋವು’ ಎಂದೇ ಹೇಳುವಳು.

ಹೊಸದಾಗಿ ಬಂದ ಡಾಕ್ಟರಮ್ಮ ಮೊದಲ ದಿನ ಗಾಬರಿಯಾಗಿ, “ನಿಮಗೂ ನೋವಾ? ಹಾಗಾದ್ರೆ ನೀವೂ ಮಲಗಿ” ಎಂದುಬಿಟ್ಟಿದ್ದರು. ಮನೆಯಲ್ಲಿ ಸ್ಟೂಲಕ್ಕನಿಗೆ ಗಂಡನ ಕುಚೋದ್ಯ ಬೇರೆ: “ಊರವರ ಕಾಯಿಲೆಯೆಲ್ಲ ನಂದೇ ಅಂತೀಯಲ್ಲೇ, ಇವತ್ತು ಯಾವುದು ತಂದೆ?”

ಒಂದು ಬೆಳಿಗ್ಗೆ ಮುದುಕಿಯೊಬ್ಬಳನ್ನು ಮಗ ಕರೆತಂದ. ಅವನಿಗೆ ಎರಡೂ ಭಾಷೆ ಬರುತ್ತಿತ್ತು. “ಅಮ್ಮಂಗೆ ಬರೀ ಸುಸ್ತು. ಶಕ್ತಿ ಮಾತ್ರೆ ಬರ್ಕೊಡಿ, ಸಾಕು.” ಡಾಕ್ಟರಮ್ಮ ಏನೇ ಕೇಳಲಿ, ಸ್ಟೂಲಕ್ಕ ಅದನ್ನು ದಾಟಿಸಿದರೂ ತಾಯಿ ತುಟಿ ಬಿಚ್ಚುವ ಮೊದಲೇ ಮಗನ ಉತ್ತರ.

“ಹೆಂಗಸರ ತೊಂದರೆ ಏನಾದ್ರೂ?”

“ಛೆ, ಈ ವಯಸ್ಸಲ್ಲಿ ಎಂಥದು!”

ಡಾಕ್ಟರಮ್ಮ ಮಾತ್ರೆ ಬರೆಯಲು ಪೆನ್ನು ತೆಗೆದರು. ಹಿಂದೆ ಕೂತವಳಿಗೆ ಮುಖ ಕಾಣದಿದ್ದರೂ ಕತ್ತು ಕಾಣುತ್ತದೆ. ಮುದುಕಿಯ ಕತ್ತು ಕುಸಿದುಹೋಯಿತು.

“ಡಾಕ್ಟರಮ್ಮ, ಅಜ್ಜಿ ಇನ್ನೂ ಏನೂ ಹೇಳೇ ಇಲ್ಲ,” ಎಂದಳು ಸ್ಟೂಲಕ್ಕ.

ಡಾಕ್ಟರಮ್ಮನಿಗೆ ಅಷ್ಟೇ ಸಾಕಾಯಿತು. “ಸ್ವಲ್ಪ ಹೊರಗಿರಪ್ಪ.”

ಮಗ ಸ್ಟೂಲಕ್ಕನ ಮೇಲೆ ಹರಿಹಾಯ್ದ. “ನಾನು ಅವಳ ಹೊಟ್ಟೇಲಿ ಹುಟ್ಟಿದ ಮಗ ಕಣ್ರೀ! ನೀವ್ಯಾರು?”

“ನಾನು ಯಾರೂ ಅಲ್ಲಪ್ಪ. ಅದಕ್ಕೇ ನನ್ನ ಹತ್ರ ಹೇಳ್ಕೋಬಹುದು.”

ಬಾಗಿಲು ಮುಚ್ಚಿತು. ಡಾಕ್ಟರಮ್ಮ ಮುದುಕಿಯ ಕಣ್ಣು ನೋಡಿ ಮತ್ತೆ ಕೇಳಿದರು. ಅದೇ ಪ್ರಶ್ನೆ ಬೆನ್ನ ಹಿಂದಿನಿಂದ ಅವಳ ಭಾಷೆಯಲ್ಲಿ, ಅಷ್ಟೇ ಮೆತ್ತಗೆ ಬಂತು.

“ಮುಟ್ಟು ನಿಂತು ಎಷ್ಟೋ ವರ್ಷ ಆಗಿತ್ತು. ಈಗ ಮತ್ತೆ ರಕ್ತ ಹೋಗ್ತಿದೆ. ಮಗನೆದುರು ಹೇಗೆ ಹೇಳಲಿ, ತಾಯಿ?”

ಸ್ಟೂಲಕ್ಕ ಒಂದಕ್ಷರ ಬಿಡದೆ ದಾಟಿಸಿದಳು, ಕೊನೆಯ ‘ತಾಯಿ’ಯನ್ನೂ ಸೇರಿಸಿ.

ಗರ್ಭಕೋಶದಲ್ಲಿ ಕೆಟ್ಟ ಗಡ್ಡೆಯಿತ್ತು. ಪುಣ್ಯಕ್ಕೆ ಇನ್ನೂ ಹರಡಿರಲಿಲ್ಲ. ಆಪರೇಷನ್ ಆಗಿ, ಚೇತರಿಸಿಕೊಂಡ ಮುದುಕಿ ತಾನೇ ನಡೆದು ತೋರಿಸಿಕೊಳ್ಳಲು ಬಂದಳು. ಡಾಕ್ಟರಮ್ಮನ ಕೈ ಹಿಡಿದು, ಬಾಯ್ತುಂಬ ಹೇಳಿದಳು: “ನಮ್ಮ ಭಾಷೆ ಎಷ್ಟು ಚೆನ್ನಾಗಿ ಆಡ್ತೀರಿ ತಾಯಿ! ನಮ್ಮನೆ ಹುಡುಗಿ ಹಾಗೆ!”

ದನಿ ಬೆನ್ನ ಹಿಂದಿನದು ಎಂಬುದೇ ಅವಳಿಗೆ ಮರೆತುಹೋಗಿತ್ತು. ಸ್ಟೂಲಕ್ಕ ಅದನ್ನೂ ಹಾಗೆಯೇ ದಾಟಿಸಿದಳು. “ಅಯ್ಯೋ, ಅದು ನಾನಲ್ಲ...” ಎಂದು ಡಾಕ್ಟರಮ್ಮ ಶುರುಮಾಡುತ್ತಿದ್ದಂತೆ, ಬೇಡ ಬೇಡ ಎಂದು ಹಿಂದಿನಿಂದಲೇ ಕೈ ಅಲ್ಲಾಡಿಸಿದಳು.

ಸಂಜೆ ಗಂಡ ಎಂದಿನಂತೆ ಕೇಳಿದ: “ಇವತ್ತು ಯಾವ ಕಾಯಿಲೆ ತಂದೆ?”

ಅವಳು ಎದೆಯುಬ್ಬಿಸಿ ಹೇಳಿದಳು: “ಇವತ್ತು ನಂಗೆ ವಾಸಿಯಾಯ್ತು ಕಣ್ರೀ.”