ಗಿರಿಯಮ್ಮನ ಉಳಿತಾಯ

ಕಿಗ್ಗದಾಚೆಯ ಕಲ್ಲುಹಕ್ಕಲೆಂಬ ಕೇರಿಗೆ ಕರೆಂಟು ತಂದವರು ಯಾರೆಂದು ಹೊರಗಿನವರು ಕೇಳಿದರೆ ಕೇರಿಯವರು ಗಿರಿಯಮ್ಮನ ಕಡೆ ಕೈ ತೋರಿಸುತ್ತಾರೆ. ಗಿರಿಯಮ್ಮ ಮಾತ್ರ, "ತಂದಿದ್ದು ಕೊಪ್ಪದ ರೇಣುಕಪ್ಪ. ಸುಟ್ಟಿದ್ದು ನಾನು" ಎಂದು ನಗುತ್ತಾಳೆ.

೨೦೦೫ರ ಚುನಾವಣೆಯಲ್ಲಿ ಆ ಭಾಗದ ಪಂಚಾಯಿತಿ ಸೀಟು ಹೆಂಗಸರಿಗೆ ಮೀಸಲಾಯಿತು. ನಿಲ್ಲಲು ಬೇರೆ ಯಾರೂ ಒಪ್ಪಲಿಲ್ಲ. ಎದುರಾಳಿಯೇ ಇಲ್ಲದೆ ಗೆದ್ದ ಗಿರಿಯಮ್ಮ, ಊರೆಲ್ಲ ತನ್ನ ಯೋಗ್ಯತೆ ಕಂಡೇ ಆರಿಸಿತು ಎಂದು ಮನಸ್ಸಿನಲ್ಲಿ ಬೀಗಿದಳು. ಮೊದಲ ವರ್ಷ ಸಭೆಯಲ್ಲಿ ಅವಳು ಮಾಡಿದ್ದೆಂದರೆ ಚಹಾ ಕುಡಿದದ್ದು, ತೋರಿಸಿದಲ್ಲಿ ಸಹಿ ಹಾಕಿದ್ದು.

ಎರಡನೆಯ ವರ್ಷ ಬೀದಿದೀಪದ ಜಗಳ ಬಂತು. ಪಂಚಾಯಿತಿಯ ಹಣದಲ್ಲಿ ದೊಡ್ಡ ಪಾಲು ದೀಪದ ಬಿಲ್ಲಿಗೇ ಹೋಗುತ್ತಿತ್ತು. ಆದರೂ ತಮ್ಮ ತಮ್ಮ ರಸ್ತೆಗೆ ಇನ್ನೊಂದು ಟ್ಯೂಬ್‌ಲೈಟ್ ಬೇಕೆಂದು ಸದಸ್ಯರೆಲ್ಲ ಮೇಜು ಗುದ್ದುತ್ತಿದ್ದರು. ಕಲ್ಲುಹಕ್ಕಲಿಗೆ ಟ್ಯೂಬ್‌ಲೈಟ್ ಹಾಗಿರಲಿ, ಕಂಬವೇ ಬಂದಿರಲಿಲ್ಲ. ಬರಬೇಕಾದರೆ ಲೈನು ಕಾಡು ದಾಟಬೇಕಿತ್ತು. ಅಲ್ಲಿಯವರಿಗೆ ರೇಷನ್ನಿನ ಸೀಮೆಎಣ್ಣೆಯೇ ಗತಿ.

ಗಿರಿಯಮ್ಮ ಎದ್ದು ನಿಂತಳು. "ನಮಗೆ ಕಂಬ ಬೇಡ. ಹಳ್ಳ ಇದೆ. ನೀರಲ್ಲಿ ತಿರುಗೋ ಸಣ್ಣ ಮಿಷನ್ನು ಕೊಪ್ಪದ ರೇಣುಕಪ್ಪನ ಅಂಗಡೀಲಿ ಕಣ್ಣಾರೆ ನೋಡಿದೀನಿ."

"ಹಳ್ಳದ ನೀರು ಸುರಿದು ದೀಪ ಹಚ್ತೀರಾ ಗಿರಿಯಮ್ಮನೋರೆ?" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

ಅವಳಿಗೆ ರೋಷ ಉಕ್ಕಿತು. "ಸೀಮೆಎಣ್ಣೆಗೆ ಸರ್ಕಾರ ತಿಂಗಳು ತಿಂಗಳು ಸಬ್ಸಿಡಿ ಸುರೀತದೆ. ಅದು ಯಾರ ದುಡ್ಡು? ನಮ್ದೇ ಅಲ್ದಾ? ದುಡ್ಡೂ ನಮ್ದು, ಹೊಗೆಯೂ ನಮ್ದು. ಅದನ್ನೇ ಒಂದು ಸಲ ಹಳ್ಳಕ್ಕೆ ಹಾಕಿದ್ರೆ ನೀರೇನು ಬಿಲ್ಲು ಕಳಿಸ್ತದಾ?"

ಅಧ್ಯಕ್ಷರು ಅವಳ ಮಾತನ್ನು ನಡಾವಳಿಗೆ ಬರೆಸಿದರು. ಈಗ ಆ ಮಾತು ಎತ್ತಿದರೆ ಅವಳೇ ತಲೆ ಚಚ್ಚಿಕೊಳ್ಳುತ್ತಾಳೆ: "ಸಬ್ಸಿಡಿ ಅಂದ್ರೆ ಎಂತದೋ ಒಂದು ಗೊಬ್ಬರ ಅಂತ ಅದರ ಹಿಂದಿನ ವರ್ಷದ ತನಕ ತಿಳ್ಕಂಡಿದ್ದೆ ಮಾರಾಯ್ತಿ!"

ಅಂತೂ ಕೆಲಸ ಮಂಜೂರಾಯಿತು. ಸ್ವಲ್ಪ ಸರ್ಕಾರದ ಸಹಾಯಧನ, ಸ್ವಲ್ಪ ಪಂಚಾಯಿತಿಯ ಹಣ. ಪೈಪು ಹೂಳುವ ಚರಂಡಿ ತೋಡುವುದು ಕೇರಿಯವರ ಪಾಲು. ರೇಣುಕಪ್ಪ ಬೇಕಾದ ಸಾಮಾನನ್ನೆಲ್ಲ ಒಂದೊಂದಾಗಿ ವಿವರಿಸಿದ. ಅದರಲ್ಲೊಂದು ಪೆಟ್ಟಿಗೆಯಿತ್ತು.

"ಇದೆಂತಕ್ಕೆ?"

"ಮಿಷನ್ನಿನ ಕರೆಂಟು ಹೆಚ್ಚುಕಮ್ಮಿ ಆಗ್ದಿರೋ ಹಾಗೆ ನೋಡ್ಕಳ್ತದೆ ಅಕ್ಕಾ."

"ನಾವೇ ನೋಡ್ಕಳ್ತೀವಿ, ತೆಗಿ" ಎಂದಳು. ಮುಂದಿನ ಸಭೆಯಲ್ಲಿ, ಪಂಚಾಯಿತಿಗೆ ಇಷ್ಟು ಹಣ ಉಳಿಸಿದೆ ಎಂದು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡಳು.

ಹಳ್ಳದ ಮೇಲಿಂದ ಪೈಪಿನಲ್ಲಿ ಇಳಿದ ನೀರು ಮಿಷನ್ನು ತಿರುಗಿಸಿ ಕೇರಿಯ ಮನೆಮನೆಯಲ್ಲೂ ಬಲ್ಬು ಹೊತ್ತಿದ ದಿನ ರೇಣುಕಪ್ಪ ಅವಳನ್ನು ಪಕ್ಕಕ್ಕೆ ಕರೆದ. "ಪೆಟ್ಟಿಗೆ ಇಲ್ದೇ ಇರೋದ್ರಿಂದ ಎಲ್ಲ ದೀಪ ಉರೀತಾನೇ ಇರ್ಬೇಕು. ಯಾರೂ ಸ್ವಿಚ್ಚು ಆರಿಸೋ ಹಾಗಿಲ್ಲ. ಆರಿಸಿದ್ರೆ ಆ ಕರೆಂಟೂ ಉಳಿದ ಬಲ್ಬಿಗೇ ನುಗ್ತದೆ." ಗಿರಿಯಮ್ಮ ತಲೆಯಾಡಿಸಿದಳು. ಅವಳ ತಲೆಯೊಳಗೆ ಆಗ ಉದ್ಘಾಟನೆಯ ಭಾಷಣ ಓಡುತ್ತಿತ್ತು. ಒಂದು ಅಕ್ಷರವೂ ಒಳಗೆ ಇಳಿಯಲಿಲ್ಲ.

ಹೊಸ ಬೆಳಕಿನ ಹುರುಪಿಗೆ ಒಂದು ವಾರ ಹಗಲೂ ರಾತ್ರಿ ಯಾರೂ ದೀಪ ಆರಿಸಲಿಲ್ಲ. ಆಮೇಲೆ ಒಂದು ಸಂಜೆ ಕೇರಿಯವರನ್ನೆಲ್ಲ ತನ್ನ ಅಂಗಳಕ್ಕೆ ಕರೆಸಿದಳು. ತಾನು ಸೀಮೆಎಣ್ಣೆಯನ್ನು ಪೂರಾ ಬಿಟ್ಟಿರುವುದಾಗಿ ಸಾರಿದಳು. "ಇದು ಜನರ ದುಡ್ಡಿನ ದೀಪ. ಹಗುರ ಮಾಡ್ಬೇಡಿ. ಬೇಡದ ದೀಪ ಈಗಲೇ ಹೋಗಿ ಆರಿಸಿ ಬನ್ನಿ, ನೋಡಣ!"

ಸದಸ್ಯೆಯ ಮಾತೆಂದು ಜನ ಪಾಪ, ವಿಧೇಯರಾಗಿ ಹೋದರು. ಕೆಳಗಿನ ಮನೆಯ ದೀಪ ಆರಿತು. ಆಮೇಲೆ ನೆರೆಮನೆಯ ಜಲಜಮ್ಮನದು. ಒಂದೊಂದು ಮನೆ ಕತ್ತಲಾದಂತೆ ಗಿರಿಯಮ್ಮನ ಜಗಲಿಯ ಬಲ್ಬು ಹೆಚ್ಚು ಹೆಚ್ಚು ಬೆಳಗತೊಡಗಿತು. ಕೆಂಪಗಿದ್ದದ್ದು ಹಳದಿಯಾಯಿತು, ಹಳದಿಯಿದ್ದದ್ದು ಗ್ಯಾಸ್‌ಲೈಟಿನ ಹಾಗೆ ಬೆಳ್ಳಗಾಯಿತು.

"ಕಂಡ್ರಾ ಉಳಿತಾಯದ ಫಲ!" ಎಂದು ಗಿರಿಯಮ್ಮ ಕೈ ಎತ್ತಿದಳು.

ಟಪ್ ಎಂದಿತು. ಜಗಲಿಯದು ಹೋಯಿತು, ಅದರ ಹಿಂದೆಯೇ ಒಳಮನೆಯದು, ಕೊಟ್ಟಿಗೆಯದು, ಆರಿಸಲು ಮರೆತಿದ್ದ ಇನ್ನೆರಡು ಮನೆಯವು. ಹಳ್ಳದ ಬುಡದ ಮಿಷನ್ನು ಹುಚ್ಚು ಹಿಡಿದಂತೆ ಕಿರುಚತೊಡಗಿತು. ಅವಳ ಗಂಡ ಬೈರಪ್ಪ ಓಡಿಹೋಗಿ ನೀರು ಕಟ್ಟಿದ. ತಿರುಗಿ ಬಂದವನು ಕತ್ತಲಲ್ಲೇ ಹೇಳಿದ: "ನಿನ್ನ ಭಾಷಣಕ್ಕೆ ಬಲ್ಬಿನ ಎದೆಯೇ ಒಡೀತಲ್ಲೇ ಮಾರಾಯ್ತಿ."

ದೀಪವಿಲ್ಲದೆ ಮಕ್ಕಳು ಅಳತೊಡಗಿದವು. ಗಿರಿಯಮ್ಮ ತಡವರಿಸುತ್ತ ಬಚ್ಚಲ ಕಡೆಗೆ ಹೋಗಿ, ಸೌದೆ ರಾಶಿಯ ಹಿಂದೆ ಅಡಗಿಸಿಟ್ಟಿದ್ದ ಸೀಮೆಎಣ್ಣೆ ಕ್ಯಾನು ಎಳೆದು ತಂದಳು. ಎಲ್ಲರ ಬುಡ್ಡಿಗೂ ಹೊಯ್ದಳು.

"ಬಿಟ್ಟಿದೀನಿ ಅಂದಿದ್ಯಲ್ಲೇ ಗಿರಿ?" ಎಂದಳು ಜಲಜಮ್ಮ.

"ನಾನು ಬಿಟ್ಟಿದ್ದೆ ಕಣೆ. ಅದು ನನ್ನ ಬಿಟ್ಟಿರ್ಲಿಲ್ಲ."

ಮೊದಲು ಜಲಜಮ್ಮ ನಕ್ಕಳು, ಆಮೇಲೆ ಅಂಗಳವೇ ನಕ್ಕಿತು. ಗಿರಿಯಮ್ಮನೂ ನಕ್ಕಳು. ಆದರೆ ಒಳಗೆ ಹೋಗಿ ಒಲೆಯ ಮುಂದೆ ಕೂತಾಗ ಅಳು ಬಂತು. ಊರವರು ಬೆವರು ಸುರಿಸಿ ತೋಡಿದ ಚರಂಡಿ ಕಣ್ಣ ಮುಂದೆ ಬಂತು.

ಮರುದಿನವೇ ಕೊಪ್ಪದ ಬಸ್ಸು ಹತ್ತಿದಳು. ರೇಣುಕಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಪೆಟ್ಟಿಗೆ ಹಾಕಣ ಅಕ್ಕಾ" ಎಂದನಷ್ಟೆ.

ಪಂಚಾಯಿತಿಯಲ್ಲಿ ಎದ್ದುನಿಂತು, ತಾನು ಉಳಿಸಿದ ಹಣದ ಕತೆಯನ್ನು ಒಂದಕ್ಷರವೂ ಬಿಡದೆ ಹೇಳಿ, ಪೆಟ್ಟಿಗೆಗೆ ಹಣ ಕೇಳಿದಳು. ಅಧ್ಯಕ್ಷರು ಕಣ್ಣೊರೆಸಿಕೊಂಡು ನಕ್ಕರು. ಆದರೆ ಒಂದೇ ಕಾಮಗಾರಿಗೆ ಎರಡು ಸಲ ಹಣ ಕೊಟ್ಟರೆ ಆಡಿಟ್‌ನವರು ಬಿಡುವುದಿಲ್ಲ ಎಂದರು. ಗಿರಿಯಮ್ಮ ತನ್ನ ಸದಸ್ಯತ್ವದ ಗೌರವಧನ ಹಾಕಿದಳು. ಕೇರಿಯವರು ಮನೆಗಿಷ್ಟು ಅಡಕೆ ಕೊಟ್ಟರು. "ನಿನಗೋಸ್ಕರ ಅಲ್ಲ, ಬೆಳಕಿನ ರುಚಿ ಹತ್ತಿದೆ, ಅದಕ್ಕೆ" ಎಂದಳು ಜಲಜಮ್ಮ.

ಪೆಟ್ಟಿಗೆ ಬಂತು. ಮನೆಗಳಲ್ಲಿ ದೀಪ ಆರಿಸಿದಾಗ ಮಿಕ್ಕ ಕರೆಂಟನ್ನು ಅದು ನೀರಿನ ಡ್ರಮ್ಮಿನೊಳಗಿದ್ದ, ಬಿಸಿಯಾಗುವ ತಂತಿಯ ಕಾಯಿಲಿಗೆ ಕಳಿಸುತ್ತಿತ್ತು. ಡ್ರಮ್ಮಿನ ನೀರು ಹಗಲಿಡೀ ಕಾಯುತ್ತಿತ್ತು. ಬಾಣಂತಿಯರಿಗೆ, ಮುದುಕರಿಗೆ ಸೌದೆಯಿಲ್ಲದೆ ಬಿಸಿನೀರು. ದೀಪಕ್ಕಿಂತ ಈ ನೀರಿಗೇ ಹೆಂಗಸರು ಗಿರಿಯಮ್ಮನನ್ನು ಹೊಗಳಿದರು. ಆ ನೀರಿನ ಯೋಚನೆ ತನ್ನ ಕನಸಿನಲ್ಲೂ ಇರಲಿಲ್ಲವೆಂದು ಅವಳು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಹೀಗಾಗಿ ಹೇಳುವುದನ್ನು ಬಿಟ್ಟಳು.

ಬೇಸಗೆಯ ಕೊನೆಗೆ ಹಳ್ಳ ಸೊರಗುತ್ತಿತ್ತು. ಆಗ ಮತ್ತೆ ಬುಡ್ಡಿ ದೀಪವೇ. ಮಳೆ ಹಿಡಿದ ಮೇಲೆ ಬೇರೆ ತಾಪತ್ರಯ: ಪೈಪಿನ ಬಾಯಿಗೆ ತರಗೆಲೆ ಕಟ್ಟಿ ದೀಪ ಮಂಕಾಗುತ್ತಿತ್ತು. ಮುಂದಿನ ಚುನಾವಣೆಗೆ ಅವಳು ನಿಲ್ಲಲಿಲ್ಲ. ಆದರೂ ದೀಪ ಸ್ವಲ್ಪ ಕೆಂಪಾದರೆ ಸಾಕು, ಎಲ್ಲ ಅಂಗಳಗಳಿಂದಲೂ "ಗಿರಿಯಮ್ಮಾ!" ಎಂಬ ಕೂಗು ಏಳುತ್ತಿತ್ತು. "ಸೀಟು ಬಿಟ್ರೂ ಹುದ್ದೆ ಬಿಡ್ಲಿಲ್ಲ ನೋಡಿ" ಎಂದು ಗಂಡನಿಗೆ ಗೊಣಗುತ್ತ, ಮಳೆಗೆ ಗೊರಬು ತಲೆಗೇರಿಸಿಕೊಂಡು ಅವಳು ಹಳ್ಳ ಹತ್ತುತ್ತಿದ್ದಳು.