ಹಂಡೆಯಲ್ಲಿಟ್ಟ ಕಡಲ ನೀರು

ತಮ್ಮನ ಮೊಮ್ಮಗ ಈ ಬೇಸಿಗೆಯಲ್ಲಿ ಮನೆಯ ಪಡಸಾಲೆಗೆ ಒಂದು ಗಾಜಿನ ತೊಟ್ಟಿ ತರಿಸಿದ. ಉಪ್ಪುನೀರಿನದು. ಹುಬ್ಬಳ್ಳಿಯ ಅಂಗಡಿಯವನು ಬಂದು ಅದನ್ನು ಜೋಡಿಸಿ, ಮರಳು ಹಾಸಿ, ನೀರು ತುಂಬಿ ಹೋದ. ಎರಡನೆಯ ಸಲ ಬಂದಾಗ ಚೀಲದೊಳಗಿನಿಂದ ಒಂದು ಕಡಲ ಹೂವನ್ನು, ಇಂಗ್ಲಿಷಿನಲ್ಲಿ ಸೀ ಅನಿಮೋನ್ ಎನ್ನುವುದನ್ನು, ಮೆಲ್ಲಗೆ ಇಳಿಬಿಟ್ಟ. ನಾನು ಬೆಳಗಿನ ಮಾತ್ರೆಗೆಂದು ತಾಮ್ರದ ಚಂಬಿನಲ್ಲಿ ನೀರು ಹಿಡಿದುಕೊಂಡು ಅಲ್ಲಿಯೇ ನಿಂತಿದ್ದೆ. ತೊಟ್ಟಿಯಿಂದ ಒಂದು ವಾಸನೆ ಬಂತು... ಮೀನಿನದಲ್ಲ, ಬರೀ ಉಪ್ಪಿನದೂ ಅಲ್ಲ. ಸಮುದ್ರ ಇಳಿದ ಮೇಲೆ ಒದ್ದೆ ಮರಳಿನಿಂದ ಏಳುವ ವಾಸನೆ. ಘಟ್ಟದ ಮೇಲಿನ ಈ ಸೀಮೆಯಲ್ಲಿ ಅದನ್ನು ನಾನು ಹಿಂದೆ ಒಂದೇ ಒಂದು ಕೋಣೆಯಲ್ಲಿ ಮೂಸಿದ್ದೆ.

ಬಗ್ಗಿ ನೋಡಲು ಹೋದೆ. ಅಂಗಡಿಯವನು ಕೈ ಅಡ್ಡ ಹಿಡಿದ.

“ಅಜ್ಜೀ, ಆ ಚಂಬು ದೂರ ಇಡ್ರಿ. ತಾಮ್ರ ಅಂದ್ರ ಇವಕ್ಕ ವಿಷ. ಸ್ವಲ್ಪ ನೀರಿಗೆ ಬಿಟ್ಟಿತಂದ್ರೂ ಮುಗೀತು.”

ಚಂಬನ್ನು ಅಡಿಗೆಮನೆಯಲ್ಲಿಟ್ಟು ಬಂದು ಕುರ್ಚಿಯಲ್ಲಿ ಕೂತೆ. ಆ ದಿನ ಮಾತ್ರೆ ತಪ್ಪಿತು. ನನ್ನ ದಿನಚರಿಯಲ್ಲಿ ಅಂಥದ್ದು ಆಗುವುದಿಲ್ಲ.

ಆ ಕೋಣೆಯ ಕಾಲಕ್ಕೆ ಈ ಸೀಮೆ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು ಶಿರಸಿಯ ಆಸ್ಪತ್ರೆಗೆ ಬಂದವಳು. ಪೇಟೆಯಲ್ಲಿ ಬನವಾಸಿ ಕಡೆಯ ವ್ಯಾಪಾರಸ್ಥರ ಮನೆ. ಅದರ ಮಹಡಿಯಲ್ಲಿ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಒಂದು ನನ್ನದು, ಇನ್ನೊಂದು ಅಕ್ಕೋರದು. ಈ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ನಾನೂ ಹಾಗೆಯೇ ಕರೆದೆ, ಕೊನೆಯವರೆಗೂ ಹೆಸರು ಹಿಡಿಯಲಿಲ್ಲ. ಅವರು ನನ್ನನ್ನು ‘ನರ್ಸಬಾಯಿ’ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವರು. ಕುಮಟೆಯ ಹತ್ತಿರ ಕಡಲಂಚಿನ ಊರು. ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಇಂಟರ್ ಮುಗಿಸಿದ್ದರು, ಧಾರವಾಡಕ್ಕೆ ಹೋಗಿ ಬಿ.ಎಸ್ಸಿ. ಓದಬೇಕೆಂಬುದು ಅವರ ಒಂದೇ ಆಸೆ. ಬೇರೆ ಆಸೆಯನ್ನು ನಾನು ಅವರ ಬಾಯಲ್ಲಿ ಕೇಳಲಿಲ್ಲ.

ಶಿಕ್ಷಕರ ಶಿಬಿರವೊಂದರಲ್ಲಿ ಅವರಿಗೆ ಧಾರವಾಡದ ಒಬ್ಬ ಪ್ರಾಧ್ಯಾಪಕರ ಪರಿಚಯವಾಗಿತ್ತು. ಸಮುದ್ರದ ಜೀವಿಗಳ ಮೇಲೆ ಕೆಲಸ ಮಾಡುವವರು. ಕಡಲ ಹೂವನ್ನು ಘಟ್ಟದ ಮೇಲೆ ಮಳೆಗಾಲ ಪೂರ್ತಿ ಸಾಕಿ ತೋರಿಸಿದರೆ, ಕಾಲೇಜಿನಲ್ಲಿ ಸೀಟು ಮತ್ತು ಫೀ ಮಾಫಿ ಎರಡನ್ನೂ ತಾನು ನೋಡಿಕೊಳ್ಳುತ್ತೇನೆ ಎಂದು ಅವರು ಹೇಳಿದ್ದರು. ನವರಾತ್ರಿಯ ರಜೆಯಲ್ಲಿ ಅವರು ಕರಾವಳಿಗೆ ಹೋಗುವಾಗ ಶಿರಸಿಯಲ್ಲಿ ಇಳಿದು ನೋಡುವುದೆಂದು ಮಾತಾಗಿತ್ತು. ಅಕ್ಕೋರ ಅಣ್ಣನೂ ಒಪ್ಪಿದ್ದ, ಒಂದು ಷರತ್ತಿನ ಮೇಲೆ: ಇದೊಂದು ವರ್ಷ ನೋಡುವುದು, ಆಗದಿದ್ದರೆ ಓದಿನ ಮಾತು ಮತ್ತೆ ಎತ್ತಬಾರದು.

ಬೇಸಿಗೆ ರಜೆಯ ನಡುವೆಯೇ ಊರಿನಿಂದ ಬರುವಾಗ ಅಕ್ಕೋರು ಅದನ್ನು ತಂದರು. ಉಪ್ಪಿನಕಾಯಿಯ ದೊಡ್ಡ ಜಾಡಿಯಲ್ಲಿ, ಮರಳಿನ ಸಮೇತ. ಕುಮಟೆಯ ಬಸ್ಸಿನ ಡ್ರೈವರು ಜಾಡಿಯನ್ನು ತನ್ನ ಪಕ್ಕದಲ್ಲಿಟ್ಟುಕೊಂಡು ದೇವಿಮನೆ ಘಟ್ಟವನ್ನು ಮೆಲ್ಲಗೆ ಹತ್ತಿಸಿದನಂತೆ. ಶಾಲೆಯ ಕಪಾಟಿನಲ್ಲಿ ಧೂಳು ಹಿಡಿದಿದ್ದ ಗಾಜಿನ ತೊಟ್ಟಿಯನ್ನು ಕೇಳಿ ತಂದು, ಪೂರ್ವದ ಕಿಟಕಿಯ ಕೆಳಗೆ ಇಟ್ಟರು.

ಮೊದಲ ದಿನ ನೋಡಿದಾಗ ನನಗೆ ಏನೂ ಅನ್ನಿಸಲಿಲ್ಲ. ಮರಳಿನ ಮೇಲೆ ಒಂದು ಕಂದು ಗಂಟು. ಮಾರನೆಯ ದಿನ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅದು ಅರಳಿತ್ತು. ಅಂಗೈಯಗಲ, ಸುತ್ತ ಬೆರಳಿನಂಥ ಎಸಳುಗಳು, ತುದಿಯಲ್ಲಿ ನಸುನೇರಳೆ, ನಡುವೆ ಬಾಯಿ. ಹೂವಲ್ಲ, ಪ್ರಾಣಿ. ಅದರ ಮೈ ಮರಳಿನೊಳಗೆ ಗೇಣುದ್ದ ಇಳಿದಿರುತ್ತದೆ, ಮುಟ್ಟಿದರೆ ಪೂರ್ತಿ ಒಳಗೆ ಎಳೆದುಕೊಳ್ಳುತ್ತದೆ.

“ಇದಕ್ಕೆ ನಿಮ್ಮ ಊರಲ್ಲಿ ಏನಂತಾರ?” ಎಂದು ಕೇಳಿದೆ.

“ಎಂತ ಹೆಸರೂ ಇಲ್ಲೆ. ತುಳಿದ್ರೆ ನೀರು ಚಿಮ್ತು, ಉಚ್ಚೆ ಹೊಯ್ತು ಹೇಳಿ ಹುಡುಗ್ರು ನಗ್ತೊ, ಅಷ್ಟೇ,” ಎಂದು ಅವರೂ ನಕ್ಕರು.

ಅದನ್ನು ನೋಡಿಕೊಳ್ಳುವ ಕ್ರಮ ಅವರು ತಾವೇ ಕಂಡುಕೊಂಡದ್ದು. ಮೊದಲು ಮರಳು ತೆಳ್ಳಗಾಗಿ ಅದು ಮಗ್ಗುಲಾಗಿ ಬೀಳುತ್ತಿತ್ತು. ಇನ್ನಷ್ಟು ಮರಳು ತರಿಸಿ ಆಳ ಮಾಡಿದ ಮೇಲೆ ನಿಂತಿತು. ಗಾಳಿ ಸೇರಲೆಂದು ಬೆಳಗ್ಗೆ ಸಂಜೆ ತೆಂಗಿನ ಚಿಪ್ಪಿನ ಸೌಟಿನಿಂದ ನೀರೆತ್ತಿ ಮೇಲಿನಿಂದ ಹೊಯ್ಯುತ್ತಿದ್ದರು. ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಒಂದು ದಾರ ಕಟ್ಟಿದ್ದರು. ಮಟ್ಟ ಇಳಿದರೆ ಕುದಿಸಿ ಆರಿಸಿದ ಬಾವಿ ನೀರು ಹಾಕುವುದು, ಸಮುದ್ರದ ನೀರಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ ಎಂದು ನನಗೆ ವಿವರಿಸಿದರು. ವಾರಕ್ಕೊಮ್ಮೆ ಡ್ರೈವರು ಜಾಡಿಯಲ್ಲಿ ಹೊಸ ಸಮುದ್ರದ ನೀರು ತರುತ್ತಿದ್ದ; ಆಗ ಸ್ವಲ್ಪ ಹಳೆಯದನ್ನು ತೆಗೆದು ಹೊಸದು ಸೇರಿಸುವುದು. ಆಸ್ಪತ್ರೆಯಲ್ಲಿ ನನಗೆ ಕಲಿಸಿದ ಶಿಸ್ತಿಗಿಂತ ಅವರದು ಒಂದು ಕೂದಲೂ ಕಡಿಮೆ ಇರಲಿಲ್ಲ.

ಊಟದ್ದೇ ತೊಂದರೆ. ಆ ಮನೆಯೊಳಗೆ ಮೀನು, ಸೀಗಡಿ ತರುವಂತಿರಲಿಲ್ಲ. ಅಕ್ಕೋರು ಹಿತ್ತಲಿನಲ್ಲಿ ಎರೆಹುಳ ತೆಗೆದು, ಸಣ್ಣಗೆ ಕತ್ತರಿಸಿ, ಕಡ್ಡಿಯ ತುದಿಯಲ್ಲಿ ಎಸಳಿಗೆ ಮುಟ್ಟಿಸುತ್ತಿದ್ದರು. ಎಸಳುಗಳು ಒಂದೊಂದಾಗಿ ಬಾಗಿ ಅದನ್ನು ಬಾಯಿಗೆ ತಳ್ಳುತ್ತಿದ್ದವು. ಮನೆಯ ಯಜಮಾನಿ, ನಾವು ಅವ್ವಾರು ಎನ್ನುತ್ತಿದ್ದವರು, ಮೆಟ್ಟಿಲ ಮೇಲೆ ನಿಂತು ನೋಡಿ, “ಹೂವಿಗೆ ಹುಳಾ ತಿನಸೋದು ನಾ ಎಲ್ಲೂ ಕಂಡಿಲ್ರಿ ಅಕ್ಕೋರ. ನಾಳೆ ಇದಕ್ಕ ಮದವಿ ಮಾಡ್ತೀನಿ ಅಂದೀರಿ,” ಎಂದರು. ಆದರೂ ದಿನಾ ಒಂದು ಸಲ ಮಹಡಿ ಹತ್ತಿ ಬಂದು ನೋಡಿ ಹೋಗುತ್ತಿದ್ದರು.

ಮಳೆ ಹತ್ತಿರ ಬಂತು. ಘಟ್ಟದಲ್ಲಿ ಮಣ್ಣು ಕುಸಿದರೆ ಬಸ್ಸು ನಿಲ್ಲುತ್ತದೆ. ಮಳೆಯಲ್ಲಿ ಹೊಳೆ ನೀರು ಸೇರಿ ಕಡಲಂಚಿನ ನೀರೂ ಸಪ್ಪೆಯಾಗುತ್ತದೆ. ಆದ್ದರಿಂದ ಇಡೀ ಮಳೆಗಾಲಕ್ಕೆ ಸಾಲುವಷ್ಟು ನೀರನ್ನು ಮೊದಲೇ ತರಿಸಿಡಬೇಕು ಎಂದು ಅಕ್ಕೋರು ನಿರ್ಧರಿಸಿದರು. ಸರಿಯಾದ ನಿರ್ಧಾರ. ಡ್ರೈವರು ಸಾಲಾಗಿ ಜಾಡಿಗಳನ್ನು ಹೊತ್ತು ತಂದ. ಆದರೆ ಜಾಡಿಗಳು ಅವನ ಊರವರದು, ವಾಪಸು ಕೊಡಬೇಕು. ನೀರನ್ನು ಎಲ್ಲಿಡುವುದು?

ಅವ್ವಾರು ಮದುವೆಗೆ ಮಾತ್ರ ಇಳಿಸುತ್ತಿದ್ದ ಎರಡು ತಾಮ್ರದ ಹಂಡೆಗಳನ್ನು ಅಟ್ಟದಿಂದ ಇಳಿಸಿದರು. ತಾವೇ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರು. ಹಂಡೆ ಹೊಳೆಯಿತು.

“ತಾಮ್ರದಾಗಿನ ನೀರು ಕೆಡೂದಿಲ್ರಿ,” ಎಂದರು. “ನಮ್ಮತ್ತಿ ಕಾಶಿಯಿಂದ ತಂದ ಗಂಗಿ ಇನ್ನೂ ಗಿಂಡ್ಯಾಗ ಹಂಗ ಐತಿ.”

ಅದು ಸುಳ್ಳಲ್ಲ. ದೇವರ ಕೋಣೆಯಲ್ಲಿ ಮುಚ್ಚಳ ಬೆಸೆದ ಗಿಂಡಿಯನ್ನು ನಾನೂ ನೋಡಿದ್ದೆ. ಆಸ್ಪತ್ರೆಯ ವೈದ್ಯರೂ ಕುಡಿಯುವ ನೀರನ್ನು ತಾಮ್ರದಲ್ಲಿಡಿ ಎಂದೇ ರೋಗಿಗಳಿಗೆ ಹೇಳುತ್ತಿದ್ದರು. ಅಕ್ಕೋರಿಗಾಗಲಿ ನನಗಾಗಲಿ ಸಂಶಯ ಬರಲು ಒಂದು ಕಾರಣವೂ ಇರಲಿಲ್ಲ. ನೀರು ತುಂಬಿ, ಬಟ್ಟೆ ಕಟ್ಟಿ, ಮೇಲೆ ಹಲಗೆ ಮುಚ್ಚಿ ಇಟ್ಟೆವು.

ಮಳೆ ಹಿಡಿಯಿತು. ಘಟ್ಟ ಮುಚ್ಚಿತು. ಅಕ್ಕೋರು ಎಂದಿನಂತೆ ವಾರದ ನೀರು ಬದಲಿಸಿದರು, ಈ ಸಲ ಹಂಡೆಯಿಂದ.

ಎರಡು ದಿನದಲ್ಲಿ ಎಸಳುಗಳು ಗಿಡ್ಡವಾದವು. ಮಳೆಯ ಮೋಡಕ್ಕೆ ಬೆಳಕು ಸಾಲದು ಎಂದುಕೊಂಡರು. ಆಮೇಲೆ ಅದು ಎರೆಹುಳದ ಚೂರನ್ನು ಹಿಡಿಯದೆ ಬಿಟ್ಟಿತು. ಬಾಯಿ ಸಡಿಲವಾಗಿ ತೆರೆದೇ ಇರತೊಡಗಿತು. ರೋಗಿಯ ಬಾಯಿ ಹಾಗೆ ತೆರೆದು ಉಳಿದರೆ ಅದು ಎತ್ತ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಾಗಿತ್ತು.

ನೀರು ಕೆಟ್ಟಿರಬೇಕು ಎಂದು ತೊಟ್ಟಿಯ ಅರ್ಧ ನೀರನ್ನು ತೆಗೆದು ಹಂಡೆಯ ನೀರು ಹಾಕಿದರು. ಅದು ಇನ್ನಷ್ಟು ಕುಗ್ಗಿತು. ಮರುದಿನ ಮತ್ತೆ ಅರ್ಧ. ನೀರಿನ ಮಟ್ಟದಲ್ಲಿ ಹಂಡೆಯೊಳಗೆ ಹಸಿರು ಗೆರೆಯೊಂದು ಕಟ್ಟಿರುವುದನ್ನು ಕಂಡು ಕೊಳೆ ಎಂದುಕೊಂಡೆವು; ಉಪ್ಪುನೀರಿಗೆ ತಾಮ್ರ ಕರಗುತ್ತಿದೆ ಎಂದು ಹೊಳೆಯಲಿಲ್ಲ. ಅಕ್ಕೋರು ಒಂದು ಹಂಡೆಯ ನೀರನ್ನು ಇನ್ನೊಂದಕ್ಕೆ ಸುರಿದು, ಖಾಲಿಯಾದದ್ದನ್ನು ಹುಣಸೆಹಣ್ಣಿನಿಂದ ಮತ್ತೆ ಉಜ್ಜಿ ಥಳಥಳ ಮಾಡಿ, ನೀರನ್ನು ಅದಕ್ಕೇ ತುಂಬಿದರು. ಅವರ ಬೆರಳ ತುದಿ ಬಿರಿದು ಉಪ್ಪುನೀರಿಗೆ ಉರಿಯುತ್ತಿತ್ತು. ಆರೈಕೆ ಹೆಚ್ಚಾದಷ್ಟೂ ಅದು ಸಾಯುತ್ತ ಬಂತು. ಈಗ ಇದನ್ನು ಬರೆಯುವಾಗ ಆ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ...

“ಎಂತ ಆತೇ ನಿಂಗೆ?” ಎಂದು ಅವರು ಗಾಜಿಗೆ ಹಣೆಯಿಟ್ಟು ಕೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅದು ಮರಳಿನಿಂದ ಪೂರ್ತಿ ಮೇಲೆ ಬಂದು ಮಗ್ಗುಲಾಗಿ ಬಿದ್ದಿತ್ತು. ಲೋಳೆ, ನಾತ. ಅಕ್ಕೋರು ಶಾಲೆಗೆ ರಜೆ ಹಾಕಲಿಲ್ಲ. ತೊಟ್ಟಿಯನ್ನು ಹಿತ್ತಲಿಗೆ ಹೊತ್ತೊಯ್ದು ಮಳೆಯಲ್ಲಿಯೇ ಮರಳು ಸುರಿದು, ಸೀರೆ ಬದಲಿಸಿ, ಮೊದಲ ಗಂಟೆಗೆ ಹೋದರು. ಅವ್ವಾರು ಅಳುತ್ತ, “ಅಟ್ಟದಾಗ ಮತ್ತೊಂದು ಹಂಡೆ ಐತಿ, ಅದನ್ನೂ ಕೊಡತಿದ್ದೆ. ನೀರು ಸಾಲಲಿಲ್ಲೇನೋ,” ಎಂದರು.

ಮಳೆ ಇಳಿದು ಬಸ್ಸು ಶುರುವಾದಾಗ ಡ್ರೈವರು ಮಹಡಿಗೇ ಬಂದ. ನವರಾತ್ರಿಗೆ ಇನ್ನೂ ದಿನವಿತ್ತು.

“ಇನ್ನೊಂದು ತಂದ್ ಕೊಡ್ತೆ ಅಕ್ಕೋರೇ. ಎಲ್ಲಾ ಒಂದೇ ನಮೂನಿ ಇರ್ತದೆ. ಆ ದೊಡ್ಡ ಮನುಷ್ಯಂಗೆ ಎಂತ ಗೊತ್ತಾಗ್ತದೆ?”

“ಅವ್ರಿಗೆ ಗೊತ್ತಾಗ್ತಿಲ್ಲೆ,” ಎಂದರು ಅಕ್ಕೋರು. “ನಂಗೆ ಗೊತ್ತಿದ್ದಲ.”

ನಾನು ಡ್ರೈವರನ ಪರವಾಗಿ ಎರಡು ಮಾತು ಹೇಳಿ ನೋಡಿದೆ. ಅವರು ಕೇಳಲಿಲ್ಲ. ಸಾಕಿದ್ದು ಸತ್ತಿದೆ, ಖಾಲಿ ತೊಟ್ಟಿಯನ್ನೇ ತೋರಿಸುವುದು ಎಂದರು.

ಪ್ರಾಧ್ಯಾಪಕರು ಬಂದರು. ಒಳ್ಳೆಯವರೇ. ಕಾಫಿ ಕುಡಿದರು, ಖಾಲಿ ತೊಟ್ಟಿಯನ್ನು ನೋಡಿದರು, ಅಕ್ಕೋರು ಹೇಳಿದ್ದನ್ನೆಲ್ಲ ಕೇಳಿದರು. ಮರಳಿನ ಆಳ, ದಾರ, ಸೌಟು, ಎರೆಹುಳ... ಎಲ್ಲಕ್ಕೂ ತಲೆಯಾಡಿಸಿ ಮೆಚ್ಚಿದರು. ನೀರನ್ನು ಎಂಥ ಪಾತ್ರೆಯಲ್ಲಿಟ್ಟಿದ್ದಿರಿ ಎಂದು ಅವರು ಕೇಳಲಿಲ್ಲ. ಅದು ಹೇಳುವ ಸಂಗತಿ ಎಂದು ಅಕ್ಕೋರಿಗೂ ಹೊಳೆಯಲಿಲ್ಲ.

“ಹಾಗಾದರೆ ತಪ್ಪಿದ್ದು ಎಲ್ಲಿ ಸರ್?” ಎಂದು ಅಕ್ಕೋರು ಕೇಳಿದರು.

ಅವರು ಬಸ್ಸಿನ ಹೊತ್ತು ನೋಡುತ್ತ ಎದ್ದರು. “ತಪ್ಪು ಅಂತ ಏನಿಲ್ಲಮ್ಮ. ಕೆಲವರ ಕೈಗೆ ಜೀವಿಗಳು ಒಗ್ಗೂದಿಲ್ಲ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ.”

ಸಮಾಧಾನಕ್ಕೆಂದು ಹೇಳಿದ ಮಾತು. ಅದನ್ನು ಅವರು ಸ್ಟ್ಯಾಂಡ್ ಮುಟ್ಟುವ ಮೊದಲೇ ಮರೆತಿರಬೇಕು. ಅಕ್ಕೋರು ಬಾಗಿಲ ಹತ್ತಿರ ನಿಂತು ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದೆ.

ದೀಪಾವಳಿಗೆ ಅಣ್ಣ ಬಂದ. ಓದಿನ ಮಾತು ಯಾರೂ ಎತ್ತಲಿಲ್ಲ. ರಜೆ ಮುಗಿದ ಮೇಲೆ ಅಕ್ಕೋರು ಮುಖ್ಯಾಧ್ಯಾಪಕರ ಹತ್ತಿರ ಹೋಗಿ, ವಿಜ್ಞಾನ ತನಗೆ ಬೇಡ, ಹೊಲಿಗೆಯ ತರಗತಿ ಕೊಡಿ ಎಂದು ಕೇಳಿದರು. ಕೊಟ್ಟರು. ಅವರಿಗೆ ಹೊಲಿಗೆ ಬರುತ್ತಿರಲಿಲ್ಲ. ಸಂಜೆ ನನ್ನ ಕೋಣೆಗೆ ಬಂದು ಗುಂಡಿಗೆ ಕಾಜಾ ಹಾಕುವುದನ್ನು ಕಲಿಯುತ್ತಿದ್ದರು. ನಾನು ಗಾಯ ಹೊಲಿಯುವುದನ್ನು ನೋಡಿದವಳು, ಬಟ್ಟೆಯದು ನನಗೂ ಅಷ್ಟಕ್ಕಷ್ಟೆ. “ಇದು ಸತ್ರೆ ಯಾರಿಗೂ ಎಂತ ಆಗ್ತಿಲ್ಲೆ, ನರ್ಸಬಾಯಿ,” ಎಂದರು ಒಮ್ಮೆ, ಅಂಗಿಯ ತುಂಡನ್ನು ಎತ್ತಿ ಹಿಡಿದು. ನಗಬೇಕೆಂದು ಹೇಳಿದ್ದು. ನನಗೆ ನಗು ಬರಲಿಲ್ಲ.

ಮುಂದಿನ ವರ್ಷ ನನಗೆ ಯಲ್ಲಾಪುರಕ್ಕೆ ವರ್ಗವಾಯಿತು, ಆಮೇಲೆ ಸಿದ್ದಾಪುರಕ್ಕೆ. ಅಕ್ಕೋರು ಒಮ್ಮೆ ಮಾತ್ರ ಸಿಕ್ಕಿದ್ದರು, ಬಹಳ ವರ್ಷಗಳ ಮೇಲೆ, ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ. ಕೆಲಸದಿಂದ ನಿವೃತ್ತರಾಗಿ ಅಣ್ಣನ ಮನೆಯಲ್ಲಿದ್ದರು. ಸಮುದ್ರದ ಕಡೆ ತಿರುಗಾಡುತ್ತೀರಾ ಎಂದು ಕೇಳಿದೆ. ಕಾಲು ನೋವು, ಹೋಗುವುದಿಲ್ಲ ಎಂದರು. ನನ್ನ ಬಸ್ಸು ಬಂತು... ಆಮೇಲೆ ಅವರು ತೀರಿಹೋದ ಸುದ್ದಿಯೇ ಬಂದದ್ದು.

ಅಂಗಡಿಯವನ ಮಾತು ಕೇಳಿದ ವಾರವೇ ನಾನು ಕುಮಟೆಗೆ ಹೋದೆ. ಹೇಳಬೇಕಾದವರು ಇಲ್ಲ ಎಂಬುದು ಗೊತ್ತಿದ್ದೂ ಹೋದೆ. ಅಕ್ಕೋರ ಅಣ್ಣನ ಸೊಸೆ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಅವಳ ತಲೆಯೂ ಬೆಳ್ಳಗಾಗಿದೆ. ಕೂರಿಸಿ ಬೆಲ್ಲ ನೀರು ಕೊಟ್ಟಳು. ನಾನು ನಡೆದದ್ದನ್ನು ಮೊದಲಿನಿಂದ ಕ್ರಮವಾಗಿ ಹೇಳಿದೆ. ಅವರ ಕೈಯಲ್ಲಿ ದೋಷ ಇರಲಿಲ್ಲ, ತಾಮ್ರ ಒಂದನ್ನು ಬಿಟ್ಟರೆ ಅವರು ಮಾಡಿದ್ದೆಲ್ಲ ಸರಿಯಾಗಿತ್ತು, ಅವರು ಓದಬೇಕಿತ್ತು ಎಂದೆ. ಅವಳು ಹಪ್ಪಳ ಬಿಟ್ಟು ಪೂರ್ತಿ ಕೇಳಿದಳು.

“ನಮ್ಮನೆ ಅತ್ತೆ ಹೊಲಿಗೆ ಅಕ್ಕೋರಾಗಿತ್ತು,” ಎಂದಳು ಕೊನೆಗೆ, ನನಗೆ ಬೇಸರವಾಗದ ಹಾಗೆ. “ವಿಜ್ಞಾನ ಎಲ್ಲ ಅದಕ್ಕೆ ಬತ್ತಿತ್ತಿಲ್ಲೆ. ನೀವು ಹೇಳೂದು ಬೇರೆ ಯಾರೋ ಇರವು ಕಾಣ್ತು.”

ಇರಬಹುದು ಎಂದೆ. ಲೋಟ ಕೆಳಗಿಟ್ಟು ಎದ್ದೆ.