ಗಿರಗಾಂವ್ ಚಾಳಿನ ಬಿರುಕು

ಗೆಳೆಯರೇ, ಊರೂರು ತಿರುಗಿ ಹಳೇ ಕಟ್ಟಡಗಳನ್ನು ಜಲವರ್ಣದಲ್ಲಿ ಬರೆಯುವ ನನಗೆ ಇವತ್ತು ಗಿರಗಾಂವ್‌ನಲ್ಲಿ ಕುಂಚವೇ ಓಡಲಿಲ್ಲ. ಹಿಂದೊಮ್ಮೆ ಟ್ರಾಮ್ ಓಡುತ್ತಿದ್ದ ಒಂದು ರಸ್ತೆಯಲ್ಲಿ, ಬಾಡಿಗೆಯವರೇ ತುಂಬಿದ ವಠಾರದಂಥ ಒಂದು ಚಾಳಿನ ಎದುರು ಕೂತಿದ್ದೆ. ಗೋಡೆಯ ಉದ್ದಕ್ಕೂ ಬಿರುಕು, ಅದರಲ್ಲೊಂದು ಅರಳಿಗಿಡ. ಬಣ್ಣ ಹಚ್ಚುವಷ್ಟರಲ್ಲಿ ಕೆಳಮನೆಯ ವಿಜಾಪುರದ ಮುದುಕರು ಓಡಿಬಂದರು.

“ಬಿರುಕ ಬರೀಬ್ಯಾಡ್ರಿ ಸಾಹೇಬ್ರ! ಮಾಲಕ ನೋಡಿದ್ರ ಬಿಲ್ಡಿಂಗ್ ಕೆಡವಿ ನಮ್ಮನ್ನ ಹೊರಗ ಹಾಕ್ತಾನ.”

ಹಿಂದೆಯೇ ಬಂದ ಸೊಸೆ ರೇಗಿದಳು: “ಇನ್ನೂ ದೊಡ್ಡದ ಬರೀರಿ! ನೋಡಿಯಾದ್ರೂ ರಿಪೇರಿ ಮಾಡಸ್ಲಿ. ನಮ್ಮ ಹುಡುಗ್ರು ಅದರ ಬುಡಕ ಮಲಗ್ತಾವ.”

ಇಬ್ಬರಿಗೂ ಜಗಳ ಹತ್ತಿತು. ನಾನು ಕುಂಚ ತೊಳೆದು ಎದ್ದೆ. ಆ ಬಿರುಕು ಚೆಂದ ಅಂತ ದೂರದ ಕಾಂದಿವಲಿಯ ನನ್ನ ಮನೆಯಿಂದ ಲೋಕಲ್ ರೈಲು ಹಿಡಿದು ಬಂದವನು ನಾನೊಬ್ಬನೇ. ರಾತ್ರಿ ಬಿರುಕಿಲ್ಲದ ಗೋಡೆಯ ಕೆಳಗೆ ಮಲಗುವವನೂ ನಾನೊಬ್ಬನೇ.